ಲೋಕಣ್ಣನ ಧ್ವನಿ ನಂಬಿ ಹತ್ತಿದವರು

ನಿವೃತ್ತ ಕಂಡಕ್ಟರ್ ಎಂದು ಹೇಳಿಕೊಂಡರೆ ಜನ ನನ್ನ ತಲೆಯಲ್ಲಿ ಬಿಳಿ ಕೂದಲು ಹುಡುಕುತ್ತಾರೆ. ಸಿಗುವುದಿಲ್ಲ. ನನಗೆ ಈಗ ಮೂವತ್ತನಾಲ್ಕು. ಹನ್ನೊಂದು ವರ್ಷ ಬಿ.ಸಿ.ರೋಡಿನಿಂದ ಬಂಟ್ವಾಳ ದಾಟಿ, ವಾಮದಪದವು ಸುತ್ತಿ ಮೂಡಬಿದಿರೆಗೆ ಹೋಗುವ ಖಾಸಗಿ ಬಸ್ಸಿನ ಬಾಗಿಲಲ್ಲಿ ನಿಂತು, ಕಂಬಕ್ಕೆ ಮೂರು ಏಟು ಬಡಿದು ಕೂಗಿದೆ. ಕೂಗಿದ್ದು ಹೆಚ್ಚಾಗಿ ಗಂಟಲಲ್ಲಿ ಗಂಟು ಬಂತು. ಇನ್ನು ಕೂಗಿದರೆ ಇರುವ ಮಾತೂ ಹೋದೀತು ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಯ ಮುಖದಲ್ಲಿ ಹರಕೆ ಫಲಿಸಿದವರ ಕಳೆ ಕಂಡಿತು. ಈಗ ಮೆಲ್ಕಾರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತೇನೆ. ಮೊಳೆಗಳನ್ನು ಕೂಗಿ ಕರೆಯಬೇಕಾಗಿಲ್ಲ, ಅವು ಬೇರೆ ಬಸ್ಸು ಹತ್ತುವುದೂ ಇಲ್ಲ.

ನಮ್ಮ ಬಸ್ಸಿಗೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಅಂಗಡಿಗೆ ಬಂದು, "ಅಣ್ಣ, ಕೆಲಸ ಹೇಗೆ, ಒಂದಿಷ್ಟು ಹೇಳಿ" ಎಂದರು. ಹೇಳಲು ಗಂಟಲು ಬಿಡಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಸೇರಿಯಾಗಿದೆ, ಇನ್ನು ಓದಿ ಹೆದರಿದರೂ ಪ್ರಯೋಜನವಿಲ್ಲ.

ಮೊದಲನೆಯದಾಗಿ ತಿಳಿಯಬೇಕಾದದ್ದು ನಿಮಿಷ. ಖಾಸಗಿ ಬಸ್ಸಿಗೆ ಗಂಟೆ ಎಂಬುದಿಲ್ಲ, ನಿಮಿಷ ಮಾತ್ರ ಉಂಟು. ನಮ್ಮದು ಒಂಬತ್ತು ಇಪ್ಪತ್ತರ ಬಸ್ಸು. ಒಂಬತ್ತು ಇಪ್ಪತ್ತೆರಡಕ್ಕೂ ನಾವು ಬಿ.ಸಿ.ರೋಡಿನಲ್ಲೇ ನಿಂತಿದ್ದರೆ ಹಿಂದಿನ ಬಸ್ಸಿನವನು ಹಾರ್ನ್ ಒತ್ತುವ ರೀತಿಯಲ್ಲೇ ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದ. ಮದುವೆಯ ಮುಹೂರ್ತ ಮೀರಿದರೆ ಪುರೋಹಿತರು ಹೊಂದಿಸಿಕೊಳ್ಳುತ್ತಾರೆ, ಬಸ್ಸಿನ ಟೈಮ್ ಮೀರಿದರೆ ಯಾರೂ ಹೊಂದಿಸಿಕೊಳ್ಳುವುದಿಲ್ಲ.

ಎರಡನೆಯದು, ನಮ್ಮ ಬಸ್ಸುಗಳು ನಮಗಾಗಿಯೇ ಮಾಡಿದವು. ಗಾಜಿನ ಮೇಲೆ ದೇವರ ಹೆಸರೋ ಧಣಿಗಳ ಮೊಮ್ಮಗಳ ಹೆಸರೋ ಮೊಳದುದ್ದಕ್ಕೆ ಇರುತ್ತದೆ. ಎಲ್ಲಿಗೆ ಹೋಗುತ್ತದೆ ಎಂಬುದು ಕೆಳಗೆ ಸಣ್ಣ ಬೋರ್ಡಿನಲ್ಲಿ, ಅದೂ ಸೇವಂತಿಗೆ ಮಾಲೆಯ ಹಿಂದೆ. ಊರಿನವರು ಬೋರ್ಡು ನೋಡುವುದಿಲ್ಲ. ಹಾರ್ನ್ ಕೇಳಿಯೇ ಚಪ್ಪಲಿ ಮೆಟ್ಟುತ್ತಾರೆ. ಸ್ಟಾಪುಗಳ ಹೆಸರೂ ಹಾಗೆಯೇ. 'ಆಲದ ಮರ' ಎಂಬಲ್ಲಿ ಮರವಿಲ್ಲ, 'ಹಳೆ ಗೇಟು' ಎಂಬಲ್ಲಿ ಗೇಟು ಇದ್ದದ್ದನ್ನು ನೋಡಿದವರಿಲ್ಲ. ಹೊರಗಿನಿಂದ ಬಂದವರು ಕಿಟಕಿಯಲ್ಲಿ ತಲೆ ಹಾಕಿ ಆ ಮರವನ್ನು ಹುಡುಕುತ್ತಲೇ ಎರಡು ಸ್ಟಾಪು ಮುಂದೆ ಹೋಗುತ್ತಾರೆ. ಆಮೇಲೆ ಇಳಿದು ಬಿಸಿಲಲ್ಲಿ ನಡೆಯುತ್ತಾರೆ. ನಾವು ಬಾಗಿಲಲ್ಲಿ ನಿಂತು ನಗುತ್ತೇವೆ. ನಾನಂತೂ ನಗುತ್ತಿದ್ದೆ.

ನಗಿಸುವುದು ನನ್ನ ಚಟ. ಶಾಲೆಯಲ್ಲಿ ಮೇಷ್ಟ್ರ ಕೆಮ್ಮಿನಿಂದ ಶುರುವಾದದ್ದು. ಬಸ್ಸಿಗೆ ಸೇರಿದ ಆರು ತಿಂಗಳಲ್ಲಿ ಟೈಮ್ ಕೀಪರು, ಡ್ರೈವರುಗಳು, ಧಣಿಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ನಮ್ಮ ಡ್ರೈವರ್ ಮೋನಪ್ಪಣ್ಣ ಗೇರ್ ಬದಲಿಸುವಾಗ ಒಂದು ನಿಟ್ಟುಸಿರು ಬಿಡುತ್ತಿದ್ದರು. ಅದನ್ನು ನಾನು ಹಿಂದಿನ ಬಾಗಿಲಿನಿಂದ ಅವರಿಗಿಂತ ಮೊದಲೇ ಬಿಡುತ್ತಿದ್ದೆ. "ನೀನೇ ಓಡಿಸು ಮಾರಾಯ, ನಾನು ಮಲಗುತ್ತೇನೆ" ಎನ್ನುತ್ತಿದ್ದರು.

ಆದರೆ ನನ್ನ ಅತ್ಯುತ್ತಮ ಧ್ವನಿ ಲೋಕಣ್ಣನದು. ಲೋಕಣ್ಣ ನಮ್ಮ ನಂತರ ಹೊರಡುವ ಒಂಬತ್ತು ಮೂವತ್ತೈದರ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್, ನನ್ನ ಪ್ರಾಯಕ್ಕಿಂತ ಹೆಚ್ಚು ವರ್ಷ ಸರ್ವಿಸ್ ಆದವರು. ಒರಟು ಧ್ವನಿ, ಕೊನೆಗೆ ಒಂದು ಎಳೆತ: "ಬೆಳ್ತಂಗ್ಡೀ... ಪುಂಜಾಲ್ಕಟ್ಟೆ-ಮಡಂತ್ಯಾರ್-ಬೆಳ್ತಂಗ್ಡೀ..." ಅವರು ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಗ್ಲಾಸು ತುಟಿಗಿಡುವ ಹೊತ್ತಿಗೆ ಸರಿಯಾಗಿ ನಾನು ನನ್ನ ಬಸ್ಸಿನ ಬಾಗಿಲಲ್ಲಿ ನಿಂತು ಅವರ ಧ್ವನಿಯಲ್ಲಿ ಕೂಗುತ್ತಿದ್ದೆ. ತಮ್ಮ ಬಸ್ಸಿನ ಬಾಗಿಲಲ್ಲಿ ತಾವೇ ನಿಂತಿದ್ದೇವೇನೋ ಎಂಬ ಗಾಬರಿಯಲ್ಲಿ ಅವರು ಗ್ಲಾಸು ಇಟ್ಟು ಹೊರಗೆ ಬರುತ್ತಿದ್ದರು. ಸ್ಟ್ಯಾಂಡು ನಗುತ್ತಿತ್ತು. ಅದನ್ನು ನಂಬಿ ಯಾರೂ ನನ್ನ ಬಸ್ಸು ಹತ್ತುತ್ತಿರಲಿಲ್ಲ. ಊರಿನವರಿಗೆ ಎಲ್ಲ ಗೊತ್ತಲ್ಲ.

ಒಮ್ಮೆ ಧಣಿಗಳ ಧ್ವನಿಯಲ್ಲಿ ಲೋಕಣ್ಣನಿಗೆ ಫೋನ್ ಮಾಡಿದೆ. ಅವರ ಬಸ್ಸೂ ನಮ್ಮ ಧಣಿಗಳದ್ದೇ. "ಲೋಕಯ್ಯ, ಮಡಂತ್ಯಾರಿನಲ್ಲಿ ನಮ್ಮವರೊಬ್ಬರು ಹಲಸಿನ ಹಣ್ಣು ತಂದುಕೊಡುತ್ತಾರೆ, ಸ್ವಲ್ಪ ಕಾದು ತಾ" ಎಂದೆ. ಪಾಪ, ಮೂರು ನಿಮಿಷ ಕಾದರು. ಹಣ್ಣು ಬರಲಿಲ್ಲ, ಹಿಂದಿನ ಬಸ್ಸು ಬಂತು, ಜಗಳವೂ ಬಂತು. ಆ ದಿನದಿಂದ ಲೋಕಣ್ಣ ನನ್ನೊಡನೆ ಮಾತು ಬಿಟ್ಟರು. ನನಗೆ ಅದೂ ಒಂದು ಐಟಂ ಆಯಿತು: ಮಾತು ಬಿಟ್ಟ ಲೋಕಣ್ಣ ಹೇಗೆ ಮುಖ ತಿರುಗಿಸುತ್ತಾರೆ ಎಂದು ಮಾಡಿ ತೋರಿಸುತ್ತಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಲಸಿನ ಹಣ್ಣಿನ ಮುಂದಿನ ತಿಂಗಳು, ಒಂದು ಸೋಮವಾರ. ಕಾಲೇಜು ಮಕ್ಕಳ ರಶ್ಶು. ನಾನು ಅಭ್ಯಾಸದಂತೆ ಲೋಕಣ್ಣನ ಧ್ವನಿಯಲ್ಲಿ ಎರಡು ಸಲ ಬೆಳ್ತಂಗಡಿ ಎಂದು ಕೂಗಿದೆ, ಲೋಕಣ್ಣ ಹೊರಗೆ ಬಂದರು, ಮುಖ ತಿರುಗಿಸಿದರು, ಮಕ್ಕಳು ನಕ್ಕರು, ನಾನು "ರೈಟ್ ಪೋಯಿ" ಎಂದು ಹೊರಡಲು ವಿಸಿಲ್ ಊದಿದೆ. ಬಸ್ಸಿನ ನಡುವಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಫೈಲನ್ನು ಎದೆಗೆ ಒತ್ತಿ ಕೂತಿದ್ದರು. ಬಂಟ್ವಾಳ ದಾಟುವಾಗ ನನ್ನತ್ತ ಕೈ ಎತ್ತಿದರು. "ಬರ್ತೇನೆ, ಬರ್ತೇನೆ" ಎಂದೆ. ಬಸ್ಸು ಬೆಳ್ತಂಗಡಿ ರಸ್ತೆ ಬಿಟ್ಟು ತಿರುಗಿದ ಮೇಲೆ ಇನ್ನೊಮ್ಮೆ ಎತ್ತಿದರು. "ಟಿಕೆಟಿಗೆ ಅವಸರ ಏನು, ಓಡಿ ಹೋಗ್ತೀರಾ" ಎಂದೆ. ಮಕ್ಕಳು ಮತ್ತೆ ನಕ್ಕರು. ಅವರ ಬಳಿ ನಾನು ತಲುಪುವ ಹೊತ್ತಿಗೆ ವಾಮದಪದವು ಹತ್ತಿರ ಬಂದಿತ್ತು.

"ಬೆಳ್ತಂಗಡಿಗೆ ಒಂದು ಕೊಡ್ರಿ" ಎಂದರು. "ಹನ್ನೊಂದರೊಳಗ ಮುಟ್ಟತೈತಲ್ರಿ?"

ನನ್ನ ಕೈಯಲ್ಲಿ ಟಿಕೆಟ್ ಮೆಷಿನ್ ಹಾಗೇ ನಿಂತಿತು. ಆ ಕ್ಷಣದಲ್ಲಿ ಏನು ಹೇಳಬೇಕಿತ್ತು ಎಂದು ನನಗೆ ಗೊತ್ತಿತ್ತು. ಹೇಳಿದ್ದು ಬೇರೆ. ಎಲ್ಲ ಕಂಡಕ್ಟರುಗಳೂ ಹೇಳುವುದನ್ನೇ ಹೇಳಿದೆ.

"ಮೇಡಂ, ಇದು ಮೂಡಬಿದಿರೆಗೆ ಹೋಗುವುದು. ಬೋರ್ಡು ನೋಡಿ ಹತ್ತಬೇಕಲ್ಲ?"

ಅವರು ಒಮ್ಮೆಲೇ ಎದ್ದು ನಿಂತರು. "ಯಾವ ಬೋರ್ಡ್ ನೋಡ್ಲಿರಿ? ಹೂವಿನ ಹಿಂದ ಇದ್ದದ್ದು ನೋಡ್ಲ್ಯಾ? ನಲವತ್ತು ನಿಮಿಷ ನಿಂತೀನಿ. ನಾಕು ಮಂದೀನ ಕೇಳೀನಿ. ಒಬ್ರು ಕೆಂಪು ಬಸ್ಸು ಅಂದ್ರು, ಒಬ್ರು ಈಗ ಹೋತು ಅಂದ್ರು, ಒಬ್ರು ಹಾರ್ನ್ ಕೇಳ್ರಿ ಗೊತ್ತಾಕೈತಿ ಅಂದ್ರು. ಕಡೀಗೆ ನೀವ ಬೆಳ್ತಂಗಡಿ ಬೆಳ್ತಂಗಡಿ ಅಂತ ಒದರಿದ್ರಿ. ಅದಕ್ಕ ಹತ್ತೀನಿ."

"ನಾನು ಮೂಡಬಿದಿರೆ ಅಂತಲೇ..." ಎಂದು ಶುರು ಮಾಡಿದೆ.

ಹಿಂದಿನ ಸೀಟಿನಲ್ಲಿ ಕಮಲಕ್ಕ ಇದ್ದರು. ಕಟ್ಟಿದ ಬೀಡಿಯ ಚೀಲ ಮಡಿಲಲ್ಲಿ ಇಟ್ಟುಕೊಂಡು ದಿನಾ ನಮ್ಮ ಬಸ್ಸಿನಲ್ಲೇ ಬರುವವರು, ನನ್ನ ಮಿಮಿಕ್ರಿಗೆ ಎಲ್ಲರಿಗಿಂತ ಜೋರಾಗಿ ನಗುವವರು. ಅವರು ಈಗ ನಗಲಿಲ್ಲ.

"ಸುಳ್ಳು ಹೇಳ್ಬೇಡ ಹರೀಶ. ಲೋಕಣ್ಣನ ಹಾಗೆ ಕರ್ದದ್ದು ನೀನೇ. ನಮಗೆ ಗೊತ್ತುಂಟು ನಿನ್ನ ಮಂಗಾಟ. ಆ ಹೆಣ್ಣಿಗೆ ಹೇಗೆ ಗೊತ್ತಾಗ್ಬೇಕು?"

ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು: ಅಸಲಿ ಯಾವುದು ನಕಲಿ ಯಾವುದು ಎಂದು ತಿಳಿಯದೆ ಒಬ್ಬರು ದಾರಿ ತಪ್ಪಿದ್ದರು.

ಹೆಸರು ರೇಣುಕಾ, ಊರು ಕುಷ್ಟಗಿಯ ಕಡೆ. ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಕೆಲಸಕ್ಕೆ ಹನ್ನೊಂದಕ್ಕೆ ಸಂದರ್ಶನ. ಹಿಂದಿನ ದಿನವೇ ಮಂಗಳೂರಿಗೆ ಬಂದು ಇಳಿದವರು. ಅಲ್ಲಿಂದ ಇಲ್ಲಿಗೆ ಬರಲೂ ಎರಡು ತಪ್ಪು ಬಸ್ಸು ಹತ್ತಿ ಇಳಿದಿದ್ದರು. "ಇದ ಕಡೀದು ಅಂತ ಮನ್ಯಾಗ ಹೇಳಿ ಕಳಿಸ್ಯಾರ್ರಿ" ಎಂದರು. "ಇದೂ ಆಗ್ಲಿಲ್ಲಂದ್ರ ಸುಮ್ನ ಮನ್ಯಾಗ ಕುಂದ್ರು ಅಂತಾರ." ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸಮಾಧಾನ ಹೇಳಿ ಮುಂದೆ ಹೋಗಬಹುದಿತ್ತು. ಅವರು ಗಡಿಯಾರ ನೋಡಿ, "ಈಗ ಏನು ಮಾಡೂದು ಹೇಳ್ರಿ. ನಾ ಹೋಗಾಕಬೇಕು" ಎಂದರು.

ಮಾಡಲು ಇದ್ದದ್ದು ಒಂದೇ. ವಾಮದಪದವಿನಿಂದ ಪುಂಜಾಲಕಟ್ಟೆಗೆ ಅಡ್ಡರಸ್ತೆ ಉಂಟು. ಪುಂಜಾಲಕಟ್ಟೆ ಬೆಳ್ತಂಗಡಿ ರಸ್ತೆಯಲ್ಲೇ ಇರುವುದು. ಅಲ್ಲಿಗೆ ಲೋಕಣ್ಣನ ಬಸ್ಸು ಬರುವುದು ಹತ್ತೂ ಹದಿನೈದಕ್ಕೆ. ಅದು ತಪ್ಪಿದರೆ ಹಿಂದಿನದು ಪ್ರತಿ ಮರಕ್ಕೂ ನಿಲ್ಲಿಸುವ ಬಸ್ಸು, ಹನ್ನೊಂದೂ ಕಾಲಾದರೂ ಮುಟ್ಟದು. ರಿಕ್ಷಾದಲ್ಲಿ ಕಳಿಸಿದರೆ ಸಿಗುವುದು ಕೂದಲೆಳೆಯ ಅಂತರದಲ್ಲಿ. ಲೋಕಣ್ಣ ಎರಡು ನಿಮಿಷ ನಿಲ್ಲಿಸಿದರೆ ಖಂಡಿತ ಸಿಗುತ್ತದೆ. ಫೋನ್ ಮಾಡಿದೆ.

"ಲೋಕಣ್ಣ, ನಾನು ಹರೀಶ..."

ಕಟ್ ಮಾಡಿದರು. ಮತ್ತೆ ಮಾಡಿದೆ. "ಇವತ್ತು ಯಾವ ಹಣ್ಣು?" ಎಂದು ಕೇಳಿ ಮತ್ತೆ ಕಟ್.

ವಾಮದಪದವಿನಲ್ಲಿ ಬಸ್ಸು ನಿಂತಿತು. ಮೋನಪ್ಪಣ್ಣ ಎಲ್ಲ ಕೇಳಿಸಿಕೊಂಡಿದ್ದರು. "ಬಿಡು, ನಾನು ಮಾಡ್ತೇನೆ" ಎಂದು ತಮ್ಮ ಫೋನಿನಿಂದಲೇ ಕರೆ ಮಾಡಿದರು. ಅವರು ಇಪ್ಪತ್ತು ವರ್ಷದಲ್ಲಿ ಯಾರಲ್ಲೂ ಸಹಾಯ ಕೇಳಿದವರಲ್ಲ.

"ಲೋಕಯ್ಯ, ನಾನು ಮೋನಪ್ಪ. ಪುಂಜಾಲಕಟ್ಟೆಯಲ್ಲಿ ಎರಡು ನಿಮಿಷ ನಿಲ್ಸು ಮಾರಾಯ, ಒಬ್ಬರು ಬರ್ಲಿಕ್ಕೆ ಉಂಟು."

ಫೋನಿನಿಂದ ಬಂದ ಉತ್ತರ ಮುಂದಿನ ಮೂರು ಸೀಟಿಗೂ ಕೇಳಿಸಿತು: "ಓಹೋ, ಈಗ ಮೋನಪ್ಪಣ್ಣನ ಫೋನೂ ಕದ್ದೆಯಾ? ನಿಟ್ಟುಸಿರು ಮಾತ್ರ ಬಿಡ್ಲಿಕ್ಕೆ ಮರ್ತೆ ನೀನು."

ಮೋನಪ್ಪಣ್ಣ ಫೋನನ್ನೇ ನೋಡುತ್ತ ಕೂತರು. ಆಮೇಲೆ ನನ್ನನ್ನು ನೋಡಿದರು. "ನೋಡಿದೆಯಾ? ನನ್ನ ಬಾಯಲ್ಲಿ ನಾನು ಮಾತಾಡಿದ್ರೂ ಅದು ನೀನೇ ಆಯ್ತು. ನಮಗೆಲ್ಲ ಧ್ವನಿ ಇಲ್ಲದ ಹಾಗೆ ಮಾಡಿ ಇಟ್ಟೆ."

"ಅಣ್ಣ, ನಾನು ಇವರ ಜೊತೆ ಹೋಗ್ತೇನೆ" ಎಂದೆ.

ಕಂಡಕ್ಟರ್ ಬಸ್ಸು ಬಿಟ್ಟು ಹೋಗುವುದೆಂದರೆ ಏನೆಂದು ಹೊಸಬರಿಗೆ ತಿಳಿಯಲಿ: ಅಡುಗೆಯವನು ಒಲೆ ಉರಿಯುವಾಗ ಸೌಟು ಎಸೆದು ಹೋದಂತೆ. ಮೋನಪ್ಪಣ್ಣ ಬೈಯಲಿಲ್ಲ. "ಹೋಗು. ವಿಸಿಲ್ ಕೊಟ್ಟು ಹೋಗು" ಎಂದರು. ಯಾರಿಗೆ ಕೊಡುವುದೆಂದು ನಾನು ಯೋಚಿಸುವ ಮೊದಲೇ ಕಮಲಕ್ಕ ಕೈ ಚಾಚಿದ್ದರು. ಸೆರಗಿನಿಂದ ಎರಡು ಸಲ ಒರೆಸಿಕೊಂಡು ಬಾಯಿಗಿಟ್ಟರು. ಆ ದಿನ ಮೂಡಬಿದಿರೆಯವರೆಗೆ ಬಸ್ಸು ನಡೆದದ್ದು ಬೀಡಿ ಕಟ್ಟುವ ಕಮಲಕ್ಕನ ವಿಸಿಲಿಗೆ. ಒಂದು ನಿಮಿಷವೂ ತಡವಾಗಲಿಲ್ಲ ಎಂದು ಮೋನಪ್ಪಣ್ಣ ಇವತ್ತಿಗೂ ನನ್ನನ್ನು ಚುಚ್ಚುತ್ತಾರೆ.

ರಿಕ್ಷಾದಲ್ಲಿ ರೇಣುಕಾ ಒಂದು ಮಾತಾಡಿದರು. "ಈ ಊರಾಗ ಎಲ್ಲಾರಿಗೂ ಎಲ್ಲಾ ಗೊತ್ತೈತಿ. ಅದಕ್ಕ ಗೊತ್ತಿಲ್ಲದವರಿಗೆ ಹೇಳೂದು ಯಾರಿಗೂ ಗೊತ್ತಿಲ್ಲ." ನಾನು ಹೂಂ ಎಂದೆ. ಬೇರೆ ದಿನವಾಗಿದ್ದರೆ ಆ ಮಾತನ್ನು ಅವರ ಧ್ವನಿಯಲ್ಲೇ ಸಂಜೆ ಸ್ಟ್ಯಾಂಡಿನಲ್ಲಿ ಹೇಳಿ ನಗಿಸುತ್ತಿದ್ದೆ.

ಪುಂಜಾಲಕಟ್ಟೆ ಸೇರುವಾಗ ಲೋಕಣ್ಣನ ಬಸ್ಸು ಜನ ಹತ್ತಿಸಿಕೊಂಡು ಆಗಲೇ ಚಕ್ರ ಉರುಳಿಸಿತ್ತು. ರಿಕ್ಷಾ ನಿಲ್ಲುವ ಮೊದಲೇ ಹಾರಿ ಓಡಿ ಬಸ್ಸಿನ ಎದುರು ಎರಡೂ ಕೈ ಎತ್ತಿ ನಿಂತೆ. ಬ್ರೇಕು ಕಿರುಗುಟ್ಟಿತು. ಲೋಕಣ್ಣ ಬಾಗಿಲಿನಿಂದ ಇಳಿದು ಬಂದರು.

"ದಾರಿ ಬಿಡು. ಹಿಂದೆ ಬಸ್ಸು ಬರ್ತಾ ಉಂಟು. ನಿನ್ನ ಆಟಕ್ಕೆ ನನಗೆ ಪುರುಸೊತ್ತಿಲ್ಲ."

ಈಗ ಮಾತಾಡಬೇಕಿತ್ತು. ವಿಚಿತ್ರ ನೋಡಿ: ನನ್ನ ಗಂಟಲಲ್ಲಿ ಧಣಿಗಳಿದ್ದರು, ಟೈಮ್ ಕೀಪರ್ ಇದ್ದರು, ಸ್ವತಃ ಲೋಕಣ್ಣ ಇದ್ದರು. ನಾನು ಇರಲಿಲ್ಲ. ತಪ್ಪೊಪ್ಪಿಕೊಳ್ಳುವ ಧ್ವನಿ ಯಾವುದೆಂದು ನಾನು ಅಭ್ಯಾಸವೇ ಮಾಡಿರಲಿಲ್ಲ. ಬಂದದ್ದು ಒಡಕು ದನಿ.

"ಲೋಕಣ್ಣ, ಆಟ ಅಲ್ಲ. ನಿಮ್ಮ ಧ್ವನಿಯಲ್ಲಿ ನಾನು ಬೆಳ್ತಂಗಡಿ ಅಂತ ಕೂಗಿದ್ದೆ. ಇವರು ಅದನ್ನೇ ನಂಬಿ ನನ್ನ ಬಸ್ಸು ಹತ್ತಿದ್ರು. ಹನ್ನೊಂದಕ್ಕೆ ಇವರಿಗೆ ಅಲ್ಲಿ ಕೆಲಸದ ಸಂದರ್ಶನ ಉಂಟು. ತಪ್ಪು ನನ್ನದು. ನೀವು ನನಗೆ ಏನು ಬೇಕಾದ್ರೂ ಹೇಳಿ, ಇವರನ್ನು ಮುಟ್ಟಿಸಿ."

ಲೋಕಣ್ಣ ರೇಣುಕಾರನ್ನು ನೋಡಿದರು, ಅವರ ಫೈಲನ್ನು ನೋಡಿದರು. "ನನ್ನ ಧ್ವನಿ ನಂಬಿ ಹತ್ತಿದ್ದಾ ನೀವು?"

"ಹೌದ್ರಿ."

"ಹಾಗಾದ್ರೆ ಇವರು ನನ್ನ ಪ್ಯಾಸೆಂಜರ್" ಎಂದರು ಲೋಕಣ್ಣ, ನನಗಲ್ಲ, ರಸ್ತೆಗೆ. "ಹತ್ತಿ ಅಮ್ಮ. ಮುಂದಿನ ಸೀಟಿನಲ್ಲಿ ಕೂತ್ಕೊಳ್ಳಿ. ಇನ್ನು ನೀವು ಇಳಿಯುವುದು ನಾನು ಹೇಳಿದ ಮೇಲೆ."

ಬಸ್ಸು ಹೋಯಿತು. ನಾನು ಪುಂಜಾಲಕಟ್ಟೆಯಲ್ಲಿ ಬಸ್ಸಿಲ್ಲದ ಕಂಡಕ್ಟರಾಗಿ ನಿಂತೆ. ಕೊರಳಲ್ಲಿ ಟಿಕೆಟ್ ಮೆಷಿನ್ ನೋಡಿ ಮುದುಕರೊಬ್ಬರು "ಬಂಟ್ವಾಳಕ್ಕೆ ಯಾವಾಗ?" ಎಂದು ಕೇಳಿದರು. "ನಾನೂ ಅದನ್ನೇ ಕಾಯ್ತಾ ಇದ್ದೇನೆ ಅಜ್ಜ" ಎಂದೆ.

ಧಣಿಗಳು ನನ್ನನ್ನು ಒಂದು ವಾರ ಮನೆಯಲ್ಲಿ ಕೂರಿಸಿದರು. ಕರೆಸಿ ಬೈದರು. ಆ ಬೈಗುಳವನ್ನು ನಾನು ಮತ್ತೆ ಯಾರ ಮುಂದೆಯೂ ಮಾಡಿ ತೋರಿಸಿಲ್ಲ. ಕೆಲಸಕ್ಕೆ ಮರಳಿದ ದಿನ ಮೊದಲು ಹೋದದ್ದು ಹೋಟೆಲಿನಲ್ಲಿ ಕೂತಿದ್ದ ಲೋಕಣ್ಣನ ಬಳಿ. "ಮುಟ್ಟಿದ್ರಾ ಅವರು?"

"ಮಡಂತ್ಯಾರಿನಲ್ಲಿ ರೋಡ್ ಕೆಲಸ. ಹನ್ನೊಂದೂ ಐದು ಆಯ್ತು. ಇಳಿದು ಓಡಿದ್ರು. ಅಷ್ಟೇ ಗೊತ್ತು." ಚಾ ಕುಡಿದು ಮುಗಿಸಿದರು, ಪೂರ್ತಿ.

ಹನ್ನೊಂದೂ ಐದು. ಆ ಐದು ನಿಮಿಷ ನನ್ನ ತಲೆಯಲ್ಲಿ ಎಷ್ಟೋ ವರ್ಷ ಓಡಿತು. ಶಾಲೆಯ ಹೆಸರನ್ನು ನಾನು ಕೇಳಿರಲಿಲ್ಲ. ಸಿಕ್ಕಿತೋ, ಅವರು ಮನೆಗೆ ಹೋಗಿ ಸುಮ್ಮನೆ ಕೂತರೋ, ಗೊತ್ತಾಗಲಿಲ್ಲ. ಗೊತ್ತಾಗದ್ದಕ್ಕೇ ಒಂದು ನಿರ್ಧಾರ ಮಾಡಿದೆ. ಮಾಲೆಯನ್ನು ಬೋರ್ಡಿನ ಮೇಲಿಂದ ತೆಗೆದು ದೇವರ ಫೋಟೋಗೆ ಹಾಕಿದೆ. ಮೋನಪ್ಪಣ್ಣ ಮರುದಿನ ಮತ್ತೆ ಬೋರ್ಡಿಗೆ ಹಾಕಿದರು, ನಾನು ಮತ್ತೆ ತೆಗೆದೆ. ಹದಿನೈದು ದಿನ ಹೀಗೆ ನಡೆದು ದೇವರೇ ಗೆದ್ದರು. ಸ್ಟ್ಯಾಂಡಿನಲ್ಲಿ ಕೂಗುವುದು ನನ್ನ ಬಸ್ಸಿನ ದಾರಿ ಮಾತ್ರ, ನನ್ನ ಧ್ವನಿಯಲ್ಲಿ ಮಾತ್ರ. ವಿಸಿಲ್ ಊದುವ ಮೊದಲು ಒಳಗೆ ಒಂದು ಸುತ್ತು, ಗುರುತಿಲ್ಲದ ಮುಖ ಕಂಡರೆ "ಎಲ್ಲಿಗೆ?" ಎಂದು ಕೇಳುವುದು. ಒಂದು ನಿಮಿಷ ಬೇಕು ಇದಕ್ಕೆ. ಆ ನಿಮಿಷಕ್ಕಾಗಿ ಟೈಮ್ ಕೀಪರರೊಡನೆ ಜಗಳವಾಡಿದ್ದೇನೆ, ಹಿಂದಿನವನಿಂದ ಬೈಸಿಕೊಂಡಿದ್ದೇನೆ, ಕೊನೆಗೆ ಒಂದು ನಿಮಿಷ ಮೊದಲೇ ಚಾ ಮುಗಿಸುವುದನ್ನು ಕಲಿತೆ. ಈಗ ಎಲ್ಲರ ಕೈಯಲ್ಲಿ ಫೋನುಂಟು, ಅದರಲ್ಲಿ ಮ್ಯಾಪುಂಟು, ಯಾಕೆ ಕೇಳಬೇಕು ಎನ್ನಬೇಡಿ. ಮ್ಯಾಪಿಗೆ ಆಲದ ಮರ ಗೊತ್ತಿಲ್ಲ.

ಮಿಮಿಕ್ರಿ ಬಿಟ್ಟೆನೆಂದು ತಿಳಿಯಬೇಡಿ. ಬಸ್ಸು ಹೊರಟ ಮೇಲೆ, ಎಲ್ಲರೂ ಸರಿಯಾದ ಬಸ್ಸಿನಲ್ಲಿದ್ದಾರೆ ಎಂದು ಖಾತ್ರಿಯಾದ ಮೇಲೆ, ಧಾರಾಳವಾಗಿ ಮಾಡುತ್ತಿದ್ದೆ.

ಕೆಲಸದ ಕೊನೆಯ ವಾರ. ಗಂಟಲು ಪಿಸುಮಾತಿಗೆ ಇಳಿದಿತ್ತು. ಒಂಬತ್ತು ಇಪ್ಪತ್ತಕ್ಕೆ ಇನ್ನು ಎರಡು ನಿಮಿಷ ಇರುವಾಗ ಒಳಗೆ ಸುತ್ತು ಹೊಡೆಯುತ್ತಿದ್ದೆ. ನಡುವಿನ ಸೀಟಿನಲ್ಲಿ ಒಬ್ಬರು ಟೀಚರಂತೆ ಕೂತಿದ್ದರು. "ಎಲ್ಲಿಗೆ?" ಎಂದೆ, ಗಾಳಿ ಮಾತ್ರ ಬಂತು.

"ಮೂಡಬಿದಿರೆಗೆ. ಬೋರ್ಡು ಓದಿಯೇ ಹತ್ತಿದ್ದೇನೆ" ಎಂದರು. ಕುಷ್ಟಗಿಯ 'ಹತ್ತೀನಿ' ಮಾಯವಾಗಿ ನಮ್ಮ ಊರಿನ 'ಹತ್ತಿದ್ದೇನೆ' ಬಂದಿತ್ತು. ರೇಣುಕಾ ಎಂದು ಗುರುತು ಸಿಕ್ಕಿದ್ದು ಆಮೇಲೆ.

ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಅವರಿಗೆ ಪ್ರಶ್ನೆ ಅರ್ಥವಾಯಿತು.

"ಅಂದು ನಾನು ಹೋಗುವಾಗ ನನ್ನ ಹೆಸರು ಕರ್ದಾಗಿತ್ತು. ಕೊನೆಯವರು ಹೋಗುವ ತನಕ ಬಾಗಿಲಲ್ಲೇ ಕೂತೆ. ಯಾಕೆ ತಡ ಅಂತ ಕೇಳಿದ್ರು. ಇದ್ದದ್ದು ಹೇಳಿದೆ, ನಂಬ್ಲಿಲ್ಲ. ಚಾಕ್ ಕೊಟ್ಟು, ಒಂದು ಲೆಕ್ಕ ಪಾಠ ಮಾಡಿ ಅಂದ್ರು. ಬಿ.ಸಿ.ರೋಡಿನಿಂದ ಹದಿನೈದು ನಿಮಿಷದ ಅಂತರದಲ್ಲಿ ಎರಡು ಬಸ್ಸು ಹೊರಟವು, ಒಂದು ದಾರಿ ಬದಲಿಸಿತು, ಅದರಲ್ಲಿದ್ದವರು ಇನ್ನೊಂದು ಬಸ್ಸನ್ನು ಎಲ್ಲಿ, ಎಷ್ಟು ಹೊತ್ತಿಗೆ ಹಿಡಿಯಬಹುದು ಅಂತ ಬೋರ್ಡಿನಲ್ಲಿ ಬರೆದೆ." ನಕ್ಕರು. "ಈಗಲೂ ಏಳನೇ ಕ್ಲಾಸಿಗೆ ಅದೇ ಲೆಕ್ಕ ಕೊಡ್ತೇನೆ. ಅದರಲ್ಲಿ ನಿಮ್ಮ ಹೆಸರುಂಟು."

ಅಷ್ಟರಲ್ಲಿ ಮೋನಪ್ಪಣ್ಣ ಇಂಜಿನ್ ಚಾಲು ಮಾಡಿದರು. ಹೊರಗೆ ಸ್ಟ್ಯಾಂಡಿನ ನಡುವೆ ವಯಸ್ಸಾದ ದಂಪತಿ ಚೀಲ ಹಿಡಿದು ಬಸ್ಸಿನಿಂದ ಬಸ್ಸಿಗೆ ಮುಖ ತಿರುಗಿಸುತ್ತ ನಿಂತಿದ್ದರು, ಹೊರಗಿನವರೆಂದು ನೋಡಿದರೇ ತಿಳಿಯುತ್ತಿತ್ತು. ನಾನು ಬಾಗಿಲಿಗೆ ಓಡಿ ಕೂಗಲು ಉಸಿರೆಳೆದೆ. ಗಂಟಲಿನಿಂದ ಕೆಮ್ಮು ಬಂತು, ಊರಿನ ಹೆಸರು ಬರಲಿಲ್ಲ.

ನನ್ನ ತಲೆಯ ಹಿಂದೆ, ನಡುವಿನ ಸೀಟಿನ ಕಿಟಕಿಯಿಂದ ಒಂದು ಧ್ವನಿ ಎದ್ದಿತು. ಬಾಗಿಲ ಕಂಬಕ್ಕೆ ಬಡಿಯುವ ನನ್ನ ಮೂರು ಏಟನ್ನು ಸೀಟಿನ ಸರಳಿಗೆ ಬಡಿದು, ನನ್ನದೇ ರಾಗದಲ್ಲಿ, ಆದರೆ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ತಿಳಿಯಬೇಕು ಎನ್ನುವಷ್ಟು ಬಿಡಿಸಿ ಬಿಡಿಸಿ:

"ಬಂಟ್ವಾಳ, ವಾಮದಪದವು, ಮೂಡಬಿದಿರೆ. ಬೆಳ್ತಂಗಡಿಗೆ ಹೋಗುವುದಿಲ್ಲ. ನೀವು ಎಲ್ಲಿಗೆ?"